ಅರ್ಧ ನಿಂತ ಗೋಡೆ

ಇವರು ತೀರಿಕೊಂಡ ಮೇಲೆ ಇವರ ಹೆಸರನ್ನು ಗಟ್ಟಿಯಾಗಿ ಕರೆದದ್ದು ಊಟಿ ಕೋರ್ಟಿನ ಡವಾಲಿ ಜವಾನನೊಬ್ಬನೇ. ಇವರು ಎಂದರೆ ನನ್ನ ಯಜಮಾನರು. ನಾನು ಎಂದೂ ಅವರನ್ನು ಹೆಸರು ಹಿಡಿದು ಕರೆದವಳಲ್ಲ. ಮಗಳಿಗೆ ಅಪ್ಪ, ಕೆಲಸದವರಿಗೆ ಕಂಟ್ರಾಕ್ಟರು. ಹಾಗಾಗಿ ಆ ಉದ್ದನೆಯ ವರಾಂಡದಲ್ಲಿ, ಕರಿಕೋಟುಗಳ ಓಡಾಟದ ನಡುವೆ, ಅವರ ಹೆಸರು ಅವರಪ್ಪನ ಹೆಸರಿನ ಸಮೇತ ಮೂರು ಸಲ ಕೇಳಿಸಿದಾಗ ನನಗೆ ಮೊದಲು ಆದದ್ದು ದುಃಖವಲ್ಲ. ಎಲ್ಲಿದ್ದರೂ ಬಂದುಬಿಡುತ್ತಾರೆ ಎಂಬಂತೆ ಮೆಟ್ಟಿಲ ಕಡೆ ನೋಡಿದೆ. ಮಗಳು ನನ್ನ ತೋಳು ಹಿಡಿದು ಎಬ್ಬಿಸಿದಳು. ನಮ್ಮ ವಕೀಲರು ಒಳಗೆ ಹೋಗಿ, ಪ್ರತಿವಾದಿ ತೀರಿಕೊಂಡಿದ್ದಾರೆ, ಹೆಂಡತಿ ಮತ್ತು ಮಗಳು ಹಾಜರಿದ್ದಾರೆ ಎಂದು ತಮಿಳಿನಲ್ಲಿ ಹೇಳಿದರು. ಮುಂದೆ ಒಂದಷ್ಟು ಕಾಗದಗಳಿಗೆ ಸಹಿ ಹಾಕಿದೆವು. ಇವರ ಕೇಸು ನಮ್ಮ ಕೇಸಾಯಿತು.

ಕೇಸು ಒಂದು ಗೋಡೆಯದು.

ನೀಲಗಿರಿಯಲ್ಲಿ ಮನೆ ಕಟ್ಟುವವರಿಗೆ ಮನೆಗಿಂತ ಮೊದಲು ತಡೆಗೋಡೆ ಬೇಕು. ಗುಡ್ಡವನ್ನು ಕಡಿದು ಮಟ್ಟ ಮಾಡಿದ ಜಾಗದ ಹಿಂದೆ, ಮೇಲಿನ ಮಣ್ಣು ಜಾರಿ ಬರದಂತೆ ಹಿಡಿದುಕೊಳ್ಳುವ ಕಲ್ಲಿನ ಗೋಡೆ ಅದು. ಇವರ ಕೆಲಸವೇ ಅದಾಗಿತ್ತು. ಮನೆಗಳನ್ನೂ ಕಟ್ಟಿದ್ದಾರೆ, ಆದರೆ ಮನೆಯ ಬಗ್ಗೆ ಮಾತಾಡುವಾಗ ಮುಖದಲ್ಲಿ ಅಂಥ ಬೆಳಕೇನೂ ಇರುತ್ತಿರಲಿಲ್ಲ. ಕೂನೂರಿನ ಬಸ್ಸಿನಲ್ಲಿ ಎಲ್ಲರೂ ಕಣಿವೆಯ ಕಡೆಯ ಕಿಟಕಿಗೆ ಜಗಳವಾಡಿದರೆ ಇವರು ಸಮಾಧಾನವಾಗಿ ಗುಡ್ಡದ ಕಡೆ ಕೂತು ಗೋಡೆ ನೋಡುತ್ತಿದ್ದರು. ಮದುವೆಯ ಹೊಸದರಲ್ಲಿ ನನ್ನನ್ನೂ ಆ ಕಡೆಯೇ ಕೂರಿಸಿ, ಇದು ಹೊಟ್ಟೆ ಬಿಟ್ಟಿದೆ ನೋಡು, ಅದು ಇನ್ನು ನಾಲ್ಕು ಮಳೆ ತಡೆಯುತ್ತದೆ ನೋಡು ಎಂದು ತೋರಿಸುತ್ತಿದ್ದರು. ನನಗೆ ಕಣಿವೆ ನೋಡಬೇಕೆಂಬ ಆಸೆ ಇತ್ತು. ಹೇಳಲಿಲ್ಲ.

ನಾನು ಗುಂಡ್ಲುಪೇಟೆ ಕಡೆಯವಳು. ಅಪ್ಪ ಗೂಡಲೂರಿನಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟಿದ್ದರು. ಅಜ್ಜಿಯ ಮನೆಯಲ್ಲಿದ್ದು ಕನ್ನಡದಲ್ಲಿ ಹತ್ತನೆಯವರೆಗೆ ಓದಿ, ಆಮೇಲೆ ಅಪ್ಪನ ಅಂಗಡಿಯಲ್ಲಿ ಬಿಲ್ಲು ಬರೆಯಲು ಕೂತೆ. ಇವರು ಊಟಿಯ ಕೆಳಗಿನ ಒಂದು ಹಟ್ಟಿಯವರು, ನೀಲಗಿರಿಯ ಬಡಗ ಜನ. ಹಟ್ಟಿ ಎಂದರೆ ಅವರ ಕಡೆಯ ಊರು, ಸಾಲುಮನೆಗಳ ಸಣ್ಣ ಊರು. ಊಟಿಯಲ್ಲಿ ಅಂಗಡಿಗಳಿಲ್ಲವೇನೋ ಎಂಬಂತೆ ಗೂಡಲೂರಿಗೆ ಇಳಿದು ಬರುತ್ತಿದ್ದರು. ಒಂದೊಂದೇ ಮೂಟೆ ಸಿಮೆಂಟು ಒಯ್ಯುವ ಕಂಟ್ರಾಕ್ಟರನ್ನು ನಾನು ಇದೇ ಮೊದಲು ನೋಡುತ್ತಿದ್ದೇನೆ ಎಂದು ಅಪ್ಪ ಒಂದು ದಿನ ನನಗೆ ಕೇಳಿಸುವಂತೆ ಹೇಳಿದರು. ನಾವು ಮದುವೆಯಾದಾಗ ಎರಡೂ ಮನೆಯವರು ಸ್ವಲ್ಪ ಕಾಲ ಮುನಿಸಿಕೊಂಡರು. ಮಗಳು ಹುಟ್ಟಿದ ಮೇಲೆ ಆ ಮುನಿಸನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಗೋಡೆಯ ಮಾತಿಗೆ ಬರುತ್ತೇನೆ. ಕುಂದಾ ರಸ್ತೆಯ ಇನ್ನೊಂದು ಹಟ್ಟಿಯಲ್ಲಿ ಚಹಾ ಬೆಳೆಯುವ ಹಿರಿಯರೊಬ್ಬರಿದ್ದಾರೆ. ಇವರಿಗೆ ಅವರು ಹತ್ತಿರದ ನೆಂಟರೇನೂ ಅಲ್ಲ, ಆದರೂ ಮಾಮ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ಮಾಮನ ಅಳಿಯ ಕೊಯಮತ್ತೂರಿನಲ್ಲಿ ವ್ಯಾಪಾರ ಮಾಡುವವನು. ಅವನ ಒತ್ತಾಯದಿಂದ ಮನೆಯ ಹಿಂದೆ ಎರಡು ಕೋಣೆ ಕಟ್ಟಿಸಲು ಗುಡ್ಡ ಕಡಿಸಿದರು. ತಡೆಗೋಡೆ ಇವರ ಪಾಲಿಗೆ ಬಂತು. ಅಡಿಪಾಯ ತೋಡುವಷ್ಟರಲ್ಲಿ ಕೊರೊನಾ ಬಂತು. ಕೆಲಸದವರು ತಮ್ಮ ತಮ್ಮ ಊರುಗಳಲ್ಲಿ ಸಿಕ್ಕಿಕೊಂಡರು. ಕಡಿದ ಗುಡ್ಡ ಹಾಗೇ ನಿಂತಿದ್ದರೆ ಮಳೆಗೆ ಮನೆಯ ಮೇಲೆ ಬರುತ್ತದೆ ಎಂದು ಇವರಿಗೆ ಚಿಂತೆ. ಕೊನೆಗೆ ನಾವಿಬ್ಬರೇ ಹೋದೆವು. ಬಲಗಡೆಯ ಅರ್ಧವನ್ನು ಇವರು ಕಟ್ಟಿದರು, ನಾನು ಕಲ್ಲು ಎತ್ತಿಕೊಟ್ಟೆ. ದೊಡ್ಡ ಕಲ್ಲುಗಳನ್ನು ಮಾಮ ಉರುಳಿಸಿಕೊಟ್ಟರು. ಮಾಮಿ ಹೊತ್ತು ಹೊತ್ತಿಗೆ ಚಹಾ ತಂದು ದೂರದಲ್ಲಿಟ್ಟು, ಮೂಗಿನ ಮೇಲೆ ಸೆರಗು ಹಿಡಿದು ನಗುತ್ತಾ ಹಿಂದೆ ಸರಿಯುತ್ತಿದ್ದರು. ಹೊರಗೆ ಪ್ರಪಂಚವೆಲ್ಲ ಹೆದರಿ ಕೂತಿದ್ದಾಗ ನಾನು ನನ್ನ ಬಾಳಿನ ಬಹಳ ಒಳ್ಳೆಯ ದಿನಗಳನ್ನು ಅಲ್ಲಿ ಕಳೆದೆ. ಯಾವ ಕಲ್ಲು ಬೇಕೆಂದು ಇವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಕೈ ಚಾಚುತ್ತಿದ್ದರು. ಕೈಬೆರಳು ಅಗಲಿಸಿದ ರೀತಿಯಲ್ಲೇ ನನಗೆ ಗೊತ್ತಾಗುತ್ತಿತ್ತು. ತಪ್ಪು ಕಲ್ಲು ಕೊಟ್ಟರೆ ಬೈಯದೆ ಅದನ್ನೂ ಎಲ್ಲೋ ಒಂದು ಕಡೆ ಕೂರಿಸುತ್ತಿದ್ದರು.

ಎಡಗಡೆಯ ಅರ್ಧವನ್ನು ಆಮೇಲೆ ಕೂಲಿಯವರು ಬಂದು ಕಟ್ಟಿದರು. ಮಳೆ ಹತ್ತಿರ ಬಂದಿತ್ತು, ಅವಸರವಿತ್ತು.

ಎರಡು ಮಳೆಗಾಲ ಏನೂ ಆಗಲಿಲ್ಲ. ಅದರ ಮುಂದಿನ ಮಳೆಯಲ್ಲಿ, ಒಂದು ಮಧ್ಯಾಹ್ನ, ಎಡಗಡೆಯ ಅರ್ಧ ಮಣ್ಣಿನ ಸಮೇತ ಕೂತುಹೋಯಿತು. ಮೇಲಿನ ಎರಡು ಸಾಲು ಚಹಾ ಗಿಡ ಬೇರು ಸಹಿತ ಕೋಣೆಯ ಬಾಗಿಲಿಗೆ ಬಂದು ನಿಂತವು. ಯಾರಿಗೂ ಏನೂ ಆಗಲಿಲ್ಲ. ಬಲಗಡೆ ಹಾಗೇ ನಿಂತಿತ್ತು.

ಯಾಕೆ ಕುಸಿಯಿತು ಎಂಬುದೇ ಜಗಳ. ತಡೆಗೋಡೆಯ ಹಿಂದೆ ಸೇರಿದ ನೀರು ಹೊರಬರಲು ಅಲ್ಲಲ್ಲಿ ತೂತು ಬಿಡುತ್ತಾರೆ. ಎಡಗಡೆ ಆ ತೂತುಗಳು ಕಡಿಮೆ, ಹಿಂದೆ ಜಲ್ಲಿಯೂ ಸಾಲದು ಎಂದು ಮಾಮನ ಅಳಿಯ ಕರೆತಂದ ಎಂಜಿನಿಯರು ಹೇಳಿದರು. ಗೋಡೆ ಮುಗಿದ ಮೇಲೆ ಮಾಮ ಹೊಸ ನೀರಿನ ಟ್ಯಾಂಕಿನ ಪೈಪನ್ನು ಗೋಡೆಯ ಮೇಲಿನ ಮಣ್ಣಿಗೇ ಬಿಟ್ಟಿದ್ದರು, ತುಂಬಿ ಹರಿದ ನೀರೆಲ್ಲ ಅಲ್ಲೇ ಇಳಿಯಿತು ಎಂದು ಇವರು ಹೇಳಿದರು. ಮೊದಲು ಎರಡು ಕಡೆಯವರೂ ಅಂಗಳದಲ್ಲಿ ನಿಂತು ಹೇಳಿಕೊಂಡರು. ಆಮೇಲೆ ಅಳಿಯ ಕೊಯಮತ್ತೂರಿನ ವಕೀಲರ ಮೂಲಕ ಹೇಳಿಸಿದ. ಕೋರ್ಟಿನಲ್ಲಿ ಅವರು ಕೇಳಿದ್ದು ಇಷ್ಟು: ಇಡೀ ಗೋಡೆಯೇ ಅಪಾಯಕಾರಿ ಎಂದು ತೀರ್ಪಾಗಬೇಕು, ನಿಂತಿರುವುದನ್ನೂ ಕೆಡವಿ ಪೂರ್ತಿ ಹೊಸದಾಗಿ ಕಟ್ಟಿಸಬೇಕು, ಅದರ ಖರ್ಚಿನ ಭಾರ ನಮ್ಮದು.

ಭಾರದ ಮಾತಿಗೆ ಇವರು ಬೇಸರ ಮಾಡಿಕೊಳ್ಳಲಿಲ್ಲ. ನಿಂತಿರುವುದನ್ನೂ ಎಂಬ ಮಾತಿಗೆ ಊಟ ಬಿಟ್ಟು ಎದ್ದರು.

ನಮ್ಮ ವಕೀಲರ ಕಚೇರಿ ಊಟಿಯ ಮಾರ್ಕೆಟ್ಟಿನ ಹತ್ತಿರ ಒಂದು ಬೇಕರಿಯ ಮೇಲಿದೆ. ಕೇಸು ಎಷ್ಟೇ ಗಂಭೀರವಾಗಿರಲಿ, ಕೆಳಗಿನಿಂದ ವರ್ಕಿ ಬಿಸ್ಕತ್ತಿನ ವಾಸನೆ ಬರುತ್ತಿರುತ್ತದೆ. ಅವರು ನಮ್ಮ ಪರವಾಗಿ ಬರೆದ ಉತ್ತರವನ್ನು ಮಗಳು ಓದಿ ಹೇಳಿದಳು. ನನಗೆ ತಮಿಳು ಮಾತಾಡಲು ಬರುತ್ತದೆ, ಓದಲು ತಡವರಿಸುತ್ತೇನೆ. ಒಂದೊಂದು ಪ್ಯಾರಾಗೂ ಉತ್ತರ ಒಂದೇ: ಇದು ಸುಳ್ಳು, ಇದನ್ನು ನಿರಾಕರಿಸುತ್ತೇವೆ. ಇವರು ಕೇಳುತ್ತಾ ಕೂತಿದ್ದವರು, ನಾನು ಗೋಡೆ ಕಟ್ಟಿದ್ದೂ ಸುಳ್ಳೇ ಎಂದು ವಕೀಲರನ್ನು ಕೇಳಿದರು. ವಕೀಲರು ನಕ್ಕರು. ಅದು ಬರೆಯುವ ರೂಢಿ, ಯಾವುದನ್ನು ಬಿಟ್ಟರೂ ಒಪ್ಪಿಕೊಂಡ ಹಾಗೆ ಆಗಿಬಿಡುತ್ತದೆ, ಮೊದಲು ಎಲ್ಲವನ್ನೂ ಅಲ್ಲಗಳೆದು ಆಮೇಲೆ ನಮ್ಮ ಮಾತು ಹೇಳಬೇಕು ಎಂದು ವಿವರಿಸಿದರು. ಇವರು ತಲೆಯಾಡಿಸಿದರು. ಬಸ್ಸಿನಲ್ಲಿ ಬರುವಾಗ ಮಾತ್ರ, ತೂತು ಸ್ವಲ್ಪ ಕಡಿಮೆಯೇ ಆಗಿರಬಹುದು ಎಂದರು. ನನಗೆ ಹೇಳಿದ್ದೋ, ತಮಗೆ ತಾವೇ ಹೇಳಿಕೊಂಡದ್ದೋ. ಮತ್ತೆ ಆ ಮಾತು ಎತ್ತಲಿಲ್ಲ.

ಕೋರ್ಟು ಒಬ್ಬ ವಕೀಲರನ್ನು ಕಮಿಷನರ್ ಎಂದು ನೇಮಿಸಿ ಗೋಡೆ ನೋಡಿ ಬರಲು ಕಳಿಸಿತು. ಎರಡೂ ಕಾರಣ ಇವೆ ಎಂದು ಅವರು ವರದಿ ಬರೆದರು. ಎರಡೂ ಕಡೆಯವರು ಆ ವರದಿಯನ್ನು ಒಪ್ಪಲಿಲ್ಲ. ಹೀಗೆ ವಾಯಿದೆಯ ಮೇಲೆ ವಾಯಿದೆ ಬಿತ್ತು. ಮೊದಲು ಮಾಮ ಊಟಿ ಸಂತೆಗೆ ಬಂದಾಗಲೆಲ್ಲ ನಮ್ಮ ಮನೆಗೆ ಬೀನ್ಸೋ ಬಟಾಣಿಯೋ ತಂದು ಕೊಟ್ಟು, ಒಂದು ಲೋಟ ಚಹಾ ಕುಡಿದು ಹೋಗುತ್ತಿದ್ದವರು. ಈಗ ಮಾರ್ಕೆಟ್ಟಿನಲ್ಲಿ ಎದುರಾದರೆ ಇಬ್ಬರೂ ಆಲೂಗಡ್ಡೆಯ ಮೂಟೆಗಳನ್ನು ನೋಡುತ್ತಾ ನಿಲ್ಲುತ್ತಿದ್ದರು. ನಾನೂ ಮಾಮಿಯೂ ದೂರದಿಂದ ಸ್ವಲ್ಪ ನಕ್ಕು ತಲೆ ತಗ್ಗಿಸುತ್ತಿದ್ದೆವು.

ಇವರು ಹೋದದ್ದು ಕೋಟಗಿರಿಯ ಹತ್ತಿರದ ಒಂದು ಕೆಲಸದ ಜಾಗದಲ್ಲಿ. ಸುಸ್ತೆಂದು ಕಲ್ಲಿನ ರಾಶಿಯ ಮೇಲೆ ಕೂತರಂತೆ. ಯಾರೋ ನೀರು ತಂದು ಕೊಡುವಷ್ಟರಲ್ಲಿ ಇರಲಿಲ್ಲ. ಆ ಬಗ್ಗೆ ಇಷ್ಟೇ ಬರೆಯಬಲ್ಲೆ.

ಅವರ ಹಟ್ಟಿಗೆ ತಂದರು. ಬಡಗರಲ್ಲಿ ಒಬ್ಬರು ಸತ್ತರೆ ಸುತ್ತಲಿನ ಹಟ್ಟಿಗಳವರೆಲ್ಲ ಬರುತ್ತಾರೆ. ಜಗಳ, ಕೋರ್ಟು ಯಾವುದೂ ಅಡ್ಡ ಬರುವುದಿಲ್ಲ. ಮಾಮನೂ ತಮ್ಮ ಹಟ್ಟಿಯ ಗಂಡಸರ ಜೊತೆ ಬಿಳಿ ರುಮಾಲು ಸುತ್ತಿ ಬಂದರು. ಮಂಚದ ಸುತ್ತ ಹೆಂಗಸರು ಕೂತಿದ್ದೆವು. ನಾನು ತಲೆಯ ಹತ್ತಿರ ಇದ್ದೆ. ಮಣ್ಣು ಮಾಡಲು ಒಯ್ಯುವ ಮೊದಲು ಅವರಲ್ಲಿ ಒಂದು ಪದ್ಧತಿ ಇದೆ. ಕರು ಹರಚೋದು ಎನ್ನುತ್ತಾರೆ. ಊರಿನ ಹಿರಿಯರೊಬ್ಬರು ನಿಂತು, ಸತ್ತವರು ಮಾಡಿದ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಾರೆ. ಸೇರಿದವರೆಲ್ಲ ಒಂದೊಂದಕ್ಕೂ ಒಟ್ಟಿಗೆ ದನಿಗೂಡಿಸಿ, ತಪ್ಪು ಹೌದು, ಅದು ಕಳೆದುಹೋಗಲಿ ಎನ್ನುತ್ತಾರೆ. ಅತ್ತೆ ಮಾವ ಹೋದಾಗಲೂ ಇದು ನಡೆದಿತ್ತು. ಆದರೆ ಆಗ ನಾನು ಬಂದವರಿಗೆ ಚಹಾ ಹಂಚುತ್ತಾ ಎಲ್ಲೋ ದೂರದಲ್ಲಿದ್ದೆ. ದನಿ ಮಾತ್ರ ಕೇಳಿತ್ತು, ಮಾತು ಕೇಳಿರಲಿಲ್ಲ.

ಈ ಸಲ ಪ್ರತಿ ಮಾತೂ ಕೇಳಿಸಿತು. ಇವನು ಹಾವನ್ನು ಕೊಂದ. ಇವನು ಗಡಿಯ ಕಲ್ಲನ್ನು ಸರಿಸಿದ. ಹರಿಯುವ ನೀರನ್ನು ತಡೆದ. ನೆರೆಯವನ ಬೆಳೆ ನೋಡಿ ಹೊಟ್ಟೆಕಿಚ್ಚು ಪಟ್ಟ. ಮಾಡಿದ್ದರೆ ಎಂದಲ್ಲ, ಮಾಡಿದ ಎಂದೇ ಹೇಳುತ್ತಿದ್ದರು. ಬಾಯಿಲ್ಲದೆ ಮಲಗಿದವರ ಮೇಲೆ ಇಷ್ಟು ಜನರ ಎದುರು ಹೀಗೆ ಹೊರಿಸುತ್ತಾರಲ್ಲ ಎಂದು, ಇಲ್ಲ, ಸುಳ್ಳು ಎನ್ನಲು ಅರ್ಧ ಎದ್ದೆ. ಪಕ್ಕದಲ್ಲಿ ಕೂತಿದ್ದ ನಾದಿನಿ ನನ್ನ ಸೆರಗು ಹಿಡಿದು ಕೂರಿಸಿ, ಕಿವಿಯಲ್ಲಿ ಹೇಳಿದಳು.

“ಸುಮ್ಮನಿರು ಅಕ್ಕ. ಇದು ಎಲ್ಲಾರಿಗೂ ಹೇಳದು. ಮಾಡಿದ್ದಕ್ಕೂ ಹೇಳದು, ಮಾಡದ್ದಕ್ಕೂ ಹೇಳದು. ಒಂದು ಬಿಟ್ಟರೆ ಅದು ಅವನ ಜೊತೆ ಹೋಗುತ್ತೆ.”

ಕೂತೆ. ಗಂಡಸರ ಸಾಲಿನಲ್ಲಿ ಮಾಮ ನಿಂತಿದ್ದರು. ಎಲ್ಲರ ಜೊತೆ ಅವರ ಬಾಯಿಯೂ ಅಲ್ಲಾಡುತ್ತಿತ್ತು. ಆಗ ಅದಕ್ಕೆ ನಾನು ಏನೂ ಅರ್ಥ ಕಟ್ಟಲಿಲ್ಲ. ಅಷ್ಟು ಶಕ್ತಿ ಇರಲಿಲ್ಲ.

ಕೆಲವು ತಿಂಗಳ ಮೇಲೆ ನ್ಯಾಯಾಧೀಶರು ಕೇಸನ್ನು ಮಧ್ಯಸ್ಥಿಕೆಗೆ ಕಳಿಸಿದರು. ಕೋರ್ಟಿನ ಅಂಗಳದಲ್ಲೇ ಒಂದು ಕೋಣೆ. ಕಟಕಟೆ ಇಲ್ಲ, ಒಂದು ದುಂಡು ಮೇಜು, ಸುತ್ತ ಪ್ಲಾಸ್ಟಿಕ್ ಕುರ್ಚಿ. ಮಧ್ಯಸ್ಥಿಕೆ ಮಾಡುವವರು ವಯಸ್ಸಾದ ವಕೀಲೆ, ಸ್ವೆಟರಿನ ಮೇಲೆ ಕರಿಕೋಟು ಹಾಕಿಕೊಂಡಿದ್ದರು. ಇಲ್ಲಿ ಯಾರೂ ಗೆಲ್ಲಬೇಕಾಗಿಲ್ಲ, ಆಡಿದ ಮಾತು ಈ ಕೋಣೆ ಬಿಟ್ಟು ಹೋಗುವುದಿಲ್ಲ ಎಂದು ಮೊದಲೇ ಹೇಳಿದರು. ಆದ್ದರಿಂದ ಇದನ್ನು ಬರೆಯುವ ಮುಂಚೆ ಮಾಮನನ್ನು ಕೇಳಿದೆ. ಬರಿ, ಹೆಸರು ಹಾಕಬೇಡ ಎಂದರು.

ಮೊದಲ ದಿನ ಆ ವಕೀಲೆ ನನ್ನನ್ನು, ನಿಮಗೆ ಏನು ಬೇಕಮ್ಮ ಎಂದು ಕೇಳಿದರು. ಅಷ್ಟು ದಿನದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನಿಂತಿರುವ ಗೋಡೆಯನ್ನು ಕೆಡವಬಾರದು ಎಂದೆ. ನಮ್ಮ ವಕೀಲರು ಹೊರಗೆ ಬಂದ ಮೇಲೆ ಮೆಲ್ಲಗೆ ಗದರಿದರು. ಸತ್ತವರ ಸಾಲಸೋಲ ಅವರು ಬಿಟ್ಟುಹೋದ ಆಸ್ತಿಯಷ್ಟಕ್ಕೆ ಮಾತ್ರ, ಅದಕ್ಕಿಂತ ಹೆಚ್ಚು ನಿಮ್ಮ ಮೇಲೆ ಬರುವುದಿಲ್ಲ, ಹೆದರಬೇಡಿ ಎಂದು ಧೈರ್ಯ ಹೇಳಿ, ಕೆಡವಿದರೆ ಕೆಡವಲಿ, ಅವರ ಮಣ್ಣು, ಅವರ ಗೋಡೆ, ನಿಮಗೇನು ನಷ್ಟ ಅಕ್ಕ ಎಂದರು. ಅದಕ್ಕೆ ಮಗಳು ಹೇಳಿದಳು.

“ಸಾರ್, ಆ ಅರ್ಧ ನಮ್ಮಪ್ಪ ಅಮ್ಮ ಕಟ್ಟಿದ್ದು. ಅಪ್ಪನ ಬೇರೆ ಎಲ್ಲ ಗೋಡೆಲೂ ಕೂಲಿಯವರ ಕೈ ಇದೆ.”

ವಕೀಲರು ನಮ್ಮನ್ನು ತಮ್ಮ ಕಚೇರಿಯ ಕೆಳಗಿನ ಬೇಕರಿಗೆ ಕರೆದೊಯ್ದು ಚಹಾ ಕುಡಿಸಿ ಕಳಿಸಿದರು.

ಎರಡನೆಯ ಸಲ ಸೇರಿದಾಗ ಮಾಮ ತೀರಾ ಇಳಿದುಹೋಗಿದ್ದರು. ಅಳಿಯ ಬಂದಿರಲಿಲ್ಲ, ಅವನು ಇಟ್ಟ ವಕೀಲ ಬಂದಿದ್ದ. ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. ನಿಂತಿರುವ ಅರ್ಧವೂ ಅದೇ ಕೈಯ ಕೆಲಸ, ಆದ್ದರಿಂದ ಅದನ್ನೂ ನಂಬಲಾಗದು ಎಂಬುದು ಅವನ ವಾದ. ಅದಕ್ಕೆ ಹೊಸದೊಂದು ಆಧಾರ ತಂದಿದ್ದೇನೆ ಎಂದು ಫೋನು ತೆಗೆದು ಮೇಜಿನ ಮೇಲಿಟ್ಟ. ಜೊತೆಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಹಾಳೆ. ಮಧ್ಯಸ್ಥಿಕೆಯ ವಕೀಲೆ ಅದನ್ನು ಓದಿ ತಮಿಳಿನಲ್ಲಿ ಹೇಳಿದರು. ನೂರಾರು ಜನರ ಎದುರು, ಕುಟುಂಬದವರ ಸಮ್ಮುಖದಲ್ಲಿ, ಈ ಕಂಟ್ರಾಕ್ಟರು ನೀರು ಹರಿಯುವುದನ್ನು ತಡೆದದ್ದನ್ನೂ ಕಲ್ಲು ಸರಿಸಿದ್ದನ್ನೂ ಅವರದೇ ಊರಿನ ಹಿರಿಯರು ಒಪ್ಪಿಕೊಂಡಿದ್ದಾರೆ. ಅಲ್ಲಿದ್ದವರೆಲ್ಲ ಹೌದೆಂದಿದ್ದಾರೆ. ಯಾರೂ ಎದ್ದು ಅಲ್ಲಗಳೆದಿಲ್ಲ. ವಿಡಿಯೋ ಇದೆ.

ಸಾವಿನ ದಿನ ಯಾರೋ ಫೋನಿನಲ್ಲಿ ಹಿಡಿದದ್ದು. ಬರಲಾಗದ ನೆಂಟರಿಗೆಂದು ಕಳಿಸಿದ್ದು, ಕೈಯಿಂದ ಕೈಗೆ ಹೋಗಿ ಅಳಿಯನಿಗೆ ಸಿಕ್ಕಿದೆ. ಅವನು ಹುಟ್ಟಿ ಬೆಳೆದದ್ದು ಕೊಯಮತ್ತೂರಿನಲ್ಲಿ. ನೀರು, ಕಲ್ಲು ಎಂಬ ಎರಡು ಮಾತು ಕೇಳಿ ವಕೀಲನಿಗೆ ಕೊಟ್ಟಿದ್ದಾನೆ.

ಫೋನಿನ ಗಾಜಿನ ಕೆಳಗೆ ಆ ಮಂಚ, ಆ ಬಿಳಿ ಬಟ್ಟೆ ಚಿಕ್ಕದಾಗಿ ಕಾಣುತ್ತಿತ್ತು. ಮಗಳು ಕೈ ಚಾಚಿ ಅದನ್ನು ಬೋರಲು ಹಾಕಿದಳು.

ಮಾಮ, ಏನು ಓದಿದಿರಿ, ಇನ್ನೊಂದು ಸಲ ಹೇಳಿ ಎಂದು ಆ ವಕೀಲೆಯನ್ನು ಕೇಳಿದರು. ಅವರು ಇನ್ನೊಂದು ಸಲ ಹೇಳಿದರು. ಮಾಮ ತಮ್ಮ ವಕೀಲನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ದೊಡ್ಡ ತಪ್ಪು ಮಾಡಿದ ಮಗುವಿಗೆ ಹೇಗೆ ಹೇಳುವುದೆಂದು ತಿಳಿಯದವರ ಹಾಗಿದ್ದರು.

“ತಮ್ಮ, ಇದು ನಾಳೆ ನನಗೂ ಹೇಳ್ತಾರೆ. ಹಾವು ಕೊಂದ ಅಂತಾರೆ. ನಾನು ಹಾವು ಕಂಡರೆ ಓಡೋನು. ಕೇಳು ನಮ್ಮ ಹಟ್ಟಿಲಿ.”

ವಕೀಲ ಗೊಂದಲಗೊಂಡ. ಹಾಗಾದರೆ ಅಲ್ಲಿ ಹೇಳಿದ್ದು ನಿಜವಲ್ಲವೇ, ನಿಜವಲ್ಲದ್ದನ್ನು ಯಾಕೆ ಹೇಳಿದರು ಎಂದು ಕೇಳಿದ. ಅವನ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ.

“ಹೋಗ್ಲಿ ಅಂತ ಹೇಳೋದು ತಮ್ಮ, ಹಿಡ್ಕೊಳ್ಳೋಕೆ ಅಲ್ಲ,” ಎಂದರು ಮಾಮ. ಆಮೇಲೆ ನನ್ನ ಕಡೆ ನೋಡದೆಯೇ ನನಗೆ ಬಡಗ ಭಾಷೆಯಲ್ಲಿ ಹೇಳಿದರು. “ಅವ್ವ, ನಾನೂ ಅಲ್ಲೇ ನಿಂತಿದ್ದೆ. ನೀರು ತಡೆದದ್ದು ಹೋಗ್ಲಿ ಅಂತ ಎಲ್ಲಾರ ಜೊತೆ ನಾನೂ ಅಂದೆ. ಬಾಯಲ್ಲಿ ಅಂದುಬಿಟ್ಟು, ಇಲ್ಲಿ ಬಂದು ಅದನ್ನೇ ಮತ್ತೆ ಹೆಂಗೆ ಕೇಳಲಿ?”

ಆ ಭಾಷೆ ಅರಿಯದ ಮಧ್ಯಸ್ಥಿಕೆಯ ವಕೀಲೆಗೂ ಏನೋ ಆಯಿತೆಂದು ತಿಳಿಯಿತು. ಫೋನನ್ನು ವಾಪಸು ತೆಗೆದುಕೊಳ್ಳಿ ಎಂದು ಆ ಹುಡುಗನಿಗೆ ಕಣ್ಣಿನಲ್ಲೇ ಹೇಳಿದರು. ಅವನು ಫೋನನ್ನೂ ಹಾಳೆಯನ್ನೂ ಬ್ಯಾಗಿಗೆ ಸೇರಿಸಿದ. ಅವನ ಕಿವಿ ಕೆಂಪಾಗಿತ್ತು. ನನಗೆ ಅವನ ಮೇಲೆ ಕೋಪ ಬರಲಿಲ್ಲ. ಇಷ್ಟು ವರ್ಷ ಆ ಮನೆಯಲ್ಲಿ ಬಾಳಿದ ನಾನೇ ಆ ದಿನ ಅರ್ಧ ಎದ್ದು ನಿಂತವಳು.

ಆಮೇಲೆ ನಾನು ಮಾತಾಡಿದೆ. ಏನು ಮಾತಾಡಬೇಕೆಂದು ಯೋಚಿಸಿ ಹೋಗಿರಲಿಲ್ಲ. ಎಡಗಡೆ ತೂತು ಕಡಿಮೆ ಆಗಿರಬಹುದು ಎಂದು ಅವರಿಗೇ ಅನ್ನಿಸಿತ್ತು ಮಾಮ, ಒಂದು ದಿನ ಬಸ್ಸಿನಲ್ಲಿ ಹೇಳಿದರು ಎಂದೆ. ಪಕ್ಕದಲ್ಲಿದ್ದ ನಮ್ಮ ವಕೀಲರು ಕಣ್ಣು ಮುಚ್ಚಿಕೊಂಡರು. ಬರೆದುಕೊಟ್ಟ ಉತ್ತರದಲ್ಲಿ ಪ್ಯಾರಾ ಪ್ಯಾರಾ ಅಲ್ಲಗಳೆದದ್ದನ್ನು ನಾನು ಒಂದೇ ಮಾತಿನಲ್ಲಿ ಒಪ್ಪಿಬಿಟ್ಟಿದ್ದೆ. ಇವರು ಇದ್ದಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ, ಈಗಲೂ ಗೊತ್ತಿಲ್ಲ. ಅವರ ಬೆನ್ನ ಹಿಂದೆ ಏನೋ ಕೊಟ್ಟುಬಿಟ್ಟ ಹಾಗಾಯಿತು.

ಟ್ಯಾಂಕಿನ ಪೈಪು ನಾನೇ ಬಿಟ್ಟಿದ್ದು, ಅವನು ಬೇಡ ಮಾಮ ಎಂದಿದ್ದ ಎಂದು ಮಾಮ ಹೇಳಿದರು.

ಇಷ್ಟನ್ನು ಹೇಳಿಕೊಳ್ಳಲು ಅಷ್ಟೂ ವಾಯಿದೆಗಳು ಬೇಕಾದವು. ಖರ್ಚಿನ ಮಾತನ್ನು ವಕೀಲರಿಬ್ಬರೂ ಸೇರಿ ಬೇಗ ಮುಗಿಸಿದರು. ಮಾಮ ಪೈಪನ್ನು ತೆಗೆಸಿ ಮೇಲೆ ಒಂದು ಚರಂಡಿ ತೋಡಿಸಬೇಕು, ಕುಸಿದ ಕಡೆ ಹೊಸ ಗೋಡೆ ಬರಬೇಕು, ನಿಂತ ಕಡೆಯನ್ನು ಇಬ್ಬರೂ ಒಪ್ಪುವ ಒಬ್ಬ ಎಂಜಿನಿಯರು ನೋಡಿ ಹೇಳಿದ ಹಾಗೆ ಮಾಡಬೇಕು. ಎಂಜಿನಿಯರು ಕೆಡವಿ ಎಂದರೆ? ಆ ವಕೀಲೆ ನನ್ನನ್ನೇ ನೋಡುತ್ತಿದ್ದರು. ಗೋಡೆಯ ಕೆಳಗೆ ಜನ ಮಲಗುತ್ತಾರಮ್ಮ, ಅಷ್ಟು ನಾವು ಕೇಳಲೇಬೇಕು ಎಂದರು. ಅದು ನ್ಯಾಯ. ಇವರಾದರೂ ಅದನ್ನೇ ಹೇಳುತ್ತಿದ್ದರು.

ಎಂಜಿನಿಯರು ಬಂದ ದಿನ ನಾನೂ ಮಗಳೂ ಹೋದೆವು. ಅವರು ಸುತ್ತಿಗೆಯಿಂದ ತಟ್ಟಿದರು, ದಾರ ಹಿಡಿದರು, ಮೇಲೆ ಹತ್ತಿ ಇಳಿದರು. ನಾನು ಮಾಮಿಯ ಪಕ್ಕದಲ್ಲಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದೆ. ಮಾಮಿ ಬಟಾಣಿ ಸುಲಿಯುತ್ತಿದ್ದರು. ಅರ್ಧವನ್ನು ಕೇಳದೆಯೇ ನನ್ನ ಮಡಿಲಿಗೆ ಹಾಕಿದರು. ಇಬ್ಬರೂ ಸುಲಿದೆವು. ಎಡಗಡೆ ಕುಸಿಯುವಾಗ ಪಕ್ಕದ ಮೇಲಿನ ಕಲ್ಲುಸಾಲುಗಳನ್ನು ಎಳೆದಿದೆ, ಅವು ಸ್ವಲ್ಪ ಮುಂದೆ ಬಾಗಿವೆ, ಅಷ್ಟನ್ನು ಇಳಿಸಿಬಿಡಬೇಕು, ಕೆಳಗಿನದು ಗಟ್ಟಿಯಾಗಿದೆ, ಇರಲಿ ಎಂದು ಕೊನೆಗೆ ಎಂಜಿನಿಯರು ಹೇಳಿದರು. ಎಷ್ಟು ಇಳಿಸಬೇಕೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಗೆರೆ ನನ್ನ ಎದೆಯ ಮಟ್ಟಕ್ಕಿತ್ತು.

ಪೂರ್ತಿ ಉಳಿಯುತ್ತದೆಂದು ಮನಸ್ಸಿನಲ್ಲಿ ಅಂದುಕೊಂಡಿದ್ದೆನೇನೋ. ಗೆರೆಯ ಮೇಲಿನ ಕಲ್ಲುಗಳನ್ನು ನೋಡಿ ಅಳು ಬಂತು. ಮಾಮಿ ಬಟಾಣಿಯ ಬುಟ್ಟಿ ಪಕ್ಕಕ್ಕಿಟ್ಟು ತಮ್ಮ ಹಣೆಯನ್ನು ನನ್ನ ಹಣೆಗೆ ತಾಗಿಸಿದರು. ಹಟ್ಟಿಯ ಹೆಂಗಸರು ಸಾವಿನ ಮನೆಯಲ್ಲಿ ಹಾಗೆ ಮಾಡಿಯೇ ಅಳುತ್ತಾರೆ. ಇವರು ಹೋದ ದಿನ ಯಾರು ಯಾರೋ ಬಂದು ಹಾಗೆ ಹಣೆ ತಾಗಿಸಿದ್ದರು, ನನಗೆ ಅಳು ಬಂದಿರಲಿಲ್ಲ. ಆ ದಿನ ಮಾಮಿಗೆ ಕಾಲು ನೋವೆಂದು ಬರಲಾಗಿರಲಿಲ್ಲ. ಈಗ ಇಬ್ಬರೂ ಚೆನ್ನಾಗಿ ಅತ್ತೆವು. ಎಂಜಿನಿಯರು ಪಾಪ, ತಾನು ಏನೋ ತಪ್ಪು ಹೇಳಿದೆನೇನೋ ಎಂದು ಮಗಳನ್ನು ಕೇಳಿದರಂತೆ.

“ಇಲ್ಲ ಸಾರ್, ನೀವು ಬರ್ಕೊಳಿ. ಅವರು ಒಪ್ಪಿದಾರೆ,” ಎಂದಳಂತೆ ಇವಳು.

ರಾಜಿ ಪತ್ರಕ್ಕೆ ಎಲ್ಲರೂ ಸಹಿ ಮಾಡಿದೆವು. ನ್ಯಾಯಾಧೀಶರು ಓದಿ, ಯಾರ ಬಲವಂತವೂ ಇಲ್ಲವಲ್ಲ ಎಂದು ಕೇಳಿದರು. ಇಲ್ಲ ಎಂದೆ. ಯಾರ ಗೋಡೆ ಸರಿ, ಯಾರ ನೀರು ತಪ್ಪು ಎಂದು ಆ ಪತ್ರದಲ್ಲಿ ಎಲ್ಲೂ ಇಲ್ಲ. ಒಂದು ಕಾಲದಲ್ಲಿ ಇವರಿಗೆ ಬೇಕಾಗಿದ್ದದ್ದು ಅದೊಂದೇ, ತಮ್ಮ ಗೋಡೆ ಸರಿಯಾಗಿತ್ತು ಎಂಬ ತೀರ್ಪು. ಅದನ್ನು ನಾನು ತಂದುಕೊಡಲಿಲ್ಲ. ಈ ಯೋಚನೆ ಈಗಲೂ ಒಮ್ಮೊಮ್ಮೆ ಬಂದು ಕೂರುತ್ತದೆ. ಬಂದಾಗ ಅದನ್ನು ಓಡಿಸಲು ಹೋಗುವುದಿಲ್ಲ.

ಮಳೆಗೆ ಮೊದಲು ಕೆಲಸ ಶುರುವಾಯಿತು. ಮೇಸ್ತ್ರಿ ಪಂದಲೂರು ಕಡೆಯವನು, ಇವರನ್ನು ಕಂಡವನಲ್ಲ. ಗೆರೆಯ ಮೇಲಿನ ಕಲ್ಲುಗಳನ್ನು ಮೊದಲು ಇಳಿಸಿದ. ಎಸೆಯಬೇಡ, ಕೈಯಿಂದ ಇಳಿಸು ಎಂದು ಮಾಮ ನಿಂತು ಹೇಳುತ್ತಿದ್ದರು. ಇಳಿಸಿದ ಕಲ್ಲುಗಳೂ ಹೊಸ ಅರ್ಧಕ್ಕೆ ಹೋದವು. ಹೊಸ ಗೋಡೆ ಏರುತ್ತಾ ಹಳೆಯದಕ್ಕೆ ಬಂದು ಸೇರಿತು, ಅದರ ತಲೆಯ ಮೇಲೂ ಹೊಸ ಕಲ್ಲುಸಾಲು ಬಂತು. ನಾನು ಎರಡು ದಿನಕ್ಕೊಮ್ಮೆ ಬಸ್ಸು ಹಿಡಿದು ಹೋಗಿ ಬರುತ್ತಿದ್ದೆ. ಕಲ್ಲು ಎತ್ತಿಕೊಡಲು ಯಾರೂ ಬಿಡಲಿಲ್ಲ. ಸುಮ್ಮನೆ ಕೂತು ನೋಡುತ್ತಿದ್ದೆ.

ಕೊನೆಯ ದಿನ ಮೇಸ್ತ್ರಿ ಕೆಳಗಿಳಿದು, ಹಳೇದು ಕಪ್ಪು, ಹೊಸದು ಬಿಳುಪು, ನಡುವೆ ಸೇರಿಸಿದ ಕಡೆ ಎದ್ದು ಕಾಣುತ್ತದೆ, ಮೇಲೆ ಪೂರ್ತಿ ಸಿಮೆಂಟು ಸಾರಿಸಿಬಿಡಲೇ, ಒಂದೇ ಗೋಡೆಯ ಹಾಗೆ ಚೆನ್ನಾಗಿ ಕಾಣುತ್ತದೆ ಎಂದು ಕೇಳಿದ. ಮಾಮ ನನ್ನ ಕಡೆ ನೋಡಿದರು. ಬೇಡ, ಹಾಗೇ ಇರಲಿ ಎಂದೆ. ಬಂದವರೆಲ್ಲ ಇದೇನು ತೇಪೆ ಎಂದು ನನ್ನನ್ನು ಬೈಯುತ್ತಾರಮ್ಮ ಎಂದು ಮೇಸ್ತ್ರಿ ಗೊಣಗಿದ.

“ಕಾಣ್ಲಿ ಬಿಡಪ್ಪ,” ಎಂದರು ಮಾಮ. “ಯಾರಾದ್ರೂ ಕೇಳಿದ್ರೆ ನಾನು ಹೇಳ್ತೀನಿ.”

ಮೇಸ್ತ್ರಿ ತಲೆ ಕೆರೆದುಕೊಂಡು, ಕರಣೆ ತೊಳೆಯಲು ನಲ್ಲಿಯ ಕಡೆ ಹೋದ.